ಸದ್ದಿಲ್ಲದ ಮೂವತ್ತೊಂದನೇ ಕೋಣೆ

ನಮ್ಮ ಆಫೀಸಿನ ನೀಲಿ ರಟ್ಟಿನ ಪುಸ್ತಕದ ಹದಿನೇಳನೇ ಪುಟದಲ್ಲಿ ಒಂದು ತಪ್ಪಿದೆ. ಬರೆದವನು ನಾನೇ. ಹಡಗಿನ ಬುಕಿಂಗ್ ಮೇಜಿಗೆ ಹೊಸದಾಗಿ ಬಂದವರು ಈಗಲೂ ಆ ಪುಸ್ತಕ ತೆಗೆದು ನೋಡಿಯೇ ಗಿರಾಕಿಗಳಿಗೆ ಕೋಣೆ ಹೇಳುತ್ತಾರಂತೆ. ನನ್ನ ಮೇಜಿಗೆ ಈಗ ಬಂದಿರುವ ಕವಿತಾ, "ಅಂಕಲ್, ನಿಮ್ಮ ಕೆಲಸದ ಬಗ್ಗೆ ನಾಲ್ಕು ಪುಟ ಬರೆದುಕೊಡಿ, ಹೊಸಬರಿಗೆ ಓದೋಕೆ ಕೊಡ್ತೀನಿ" ಎಂದು ಮೂರು ಸಲ ಫೋನು ಮಾಡಿದಳು. ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಬರೆಯುವುದು ನನ್ನ ಕೆಲಸವಲ್ಲ ಎಂದು ಎರಡು ಸಲ ತಪ್ಪಿಸಿಕೊಂಡೆ. ಮೂರನೇ ಸಲ ಹದಿನೇಳನೇ ಪುಟ ನೆನಪಾಗಿ ಒಪ್ಪಿಕೊಂಡೆ.

ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಟ್ರಾವೆಲ್ಸ್ ಇತ್ತು. ಯಜಮಾನರು ಖಾದರ್ ಸಾಹೇಬರು. ನಾನು ಸೇರಿದ್ದು ಟಿಕೆಟ್ಟು ತಲುಪಿಸುವ ಕೆಲಸಕ್ಕೆ. ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ಸೈಕಲ್ಲಿನಲ್ಲೇ ತಿರುಗುತ್ತಿದ್ದೆ. ಹಡಗಿನ ಮೇಜು ನನಗೆ ಸಿಕ್ಕಿದ್ದು ನಾನು ಬುದ್ಧಿವಂತನೆಂದಲ್ಲ, ಬೇರೆ ಯಾರಿಗೂ ಬೇಡವಾಗಿತ್ತೆಂದು. ವಿಮಾನ, ರೈಲು, ಬಸ್ಸು ಎಲ್ಲಕ್ಕೂ ಜನ ಮುಗಿಬೀಳುತ್ತಿದ್ದರು. ಹಡಗಿಗೆ ತಿಂಗಳಿಗೆ ಇಬ್ಬರೋ ಮೂವರೋ ಬರುತ್ತಿದ್ದರು. ಕಡಲೇ ಇಲ್ಲದ ಊರಿನಲ್ಲಿ ಕುಳಿತು ಹಡಗಿನ ಕೋಣೆ ಆರಿಸುವ ಕೆಲಸ ಅದು.

ನಮ್ಮವು ಸಣ್ಣ ಹಡಗುಗಳು. ಕೊಚ್ಚಿಯಿಂದ ದ್ವೀಪಗಳಿಗೆ, ಮುಂಬೈಯಿಂದ ಗೋವಾ ಕಡೆಗೆ. ದೊಡ್ಡ ಹಡಗಿನಲ್ಲಿ ಗಲಾಟೆಯ ಜಾಗ ದೂರ ಇರುತ್ತದೆ, ಮಲಗುವ ಜಾಗ ದೂರ ಇರುತ್ತದೆ. ಸಣ್ಣದರಲ್ಲಿ ಎಲ್ಲವೂ ಒಂದರ ಮೇಲೊಂದು, ಮರ್ಫಿ ಟೌನಿನ ನಮ್ಮ ವಠಾರದ ಹಾಗೆ. ಅಲ್ಲಿ ಬೆಳೆದವನಾದ್ದರಿಂದ ನನಗೆ ಈ ಕೆಲಸ ಬೇಗ ಹತ್ತಬೇಕಿತ್ತು. ಹತ್ತಲಿಲ್ಲ.

ನನ್ನ ಮೊದಲ ಗಿರಾಕಿ ಹಲಸೂರಿನ ನಿವೃತ್ತ ಹೆಡ್‌ಮಾಸ್ಟರು. ಅರವತ್ತರ ಶಾಂತಿ ಆದಮೇಲೆ ಮಕ್ಕಳು ಸೇರಿ ಗಂಡ ಹೆಂಡತಿಯನ್ನು ಹಡಗಿನಲ್ಲಿ ಕಳಿಸುತ್ತಿದ್ದರು. "ಗಲಾಟೆ ಇರಬಾರದಪ್ಪ" ಎಂಬುದು ಅವರ ಒಂದೇ ಬೇಡಿಕೆ. ಹಡಗಿನ ನಕ್ಷೆ ಬಿಡಿಸಿ ನೋಡಿದೆ. ಒಂದು ಕೋಣೆಯ ಮೇಲೆ, ಮುಂದಿನ ಮಹಡಿಯ ಹಾಳೆಯಲ್ಲಿ, ಏನನ್ನೂ ಬರೆಯದೆ ಬಿಳಿ ಬಿಟ್ಟಿದ್ದರು. ಖಾಲಿ ಜಾಗ ಎಂದುಕೊಂಡು ಆ ಕೋಣೆಯನ್ನೇ ಕೊಟ್ಟೆ. ಹದಿನೈದು ದಿನ ಬಿಟ್ಟು ಅವರು ಮೆಟ್ಟಿಲು ಹತ್ತಿ ಬಂದರು.

"ಯಾರಪ್ಪ ಇಲ್ಲಿ ಮುನಿರಾಜು ಅಂದ್ರೆ?"

"ನಾನೇ ಸಾರ್."

"ಮೂರು ದಿನ ಬೆಳಗಿನ ಜಾವ ನಾಲ್ಕಕ್ಕೇ ನನ್ನ ತಲೆ ಮೇಲೆ ಮಸಾಲೆ ಕುಟ್ಟಿದ್ರಲ್ಲೋ ಮಾರಾಯ! ಮೇಲೆ ಅಡುಗೆಮನೆ!"

ಬಯ್ಯಲಿಲ್ಲ. ಮೇಷ್ಟರಲ್ಲವೇ, ನಕ್ಷೆಯನ್ನು ಮೇಜಿನ ಮೇಲೆ ಹರಡಿಸಿ ಪಾಠ ಹೇಳಿದರು. ನಕ್ಷೆಯಲ್ಲಿ ಬಿಳಿ ಬಿಟ್ಟ ಜಾಗ ಖಾಲಿ ಅಲ್ಲ. ಪ್ರಯಾಣಿಕರು ಹೋಗಬಾರದ ಜಾಗ ಅಷ್ಟೇ: ಅಡುಗೆಮನೆ, ಬಟ್ಟೆ ಒಗೆಯುವ ಕೋಣೆ, ಕೆಲಸದವರ ದಾರಿ. ಎಲ್ಲಕ್ಕಿಂತ ಹೆಚ್ಚು ಸದ್ದು ಅಲ್ಲೇ. ಇದು ನಾನು ಕಲಿತ ಮೊದಲನೆಯ ವಿಷಯ, ನೀವೂ ಮೊದಲು ಕಲಿಯಬೇಕಾದದ್ದು.

ಅದರ ಮಾರನೆಯ ದಿನವೇ ಕಮರ್ಷಿಯಲ್ ಸ್ಟ್ರೀಟ್‌ಗೆ ಹೋಗಿ, ಕಸೂತಿಯವರು ಡಿಸೈನು ತೆಗೆಯುವ ತೆಳು ಕಾಗದ ಒಂದು ಸುರುಳಿ ತಂದೆ. ಒಂದೊಂದು ಮಹಡಿಯನ್ನೂ ಪೆನ್ಸಿಲಿನಲ್ಲಿ ಇಳಿಸಿಕೊಂಡು, ಒಂದರ ಮೇಲೊಂದು ಇಟ್ಟು, ಮಧ್ಯಾಹ್ನದ ಬಿಸಿಲಿಗೆ ಕಿಟಕಿ ಗಾಜಿಗೆ ಒತ್ತಿ ಹಿಡಿಯುತ್ತಿದ್ದೆ. ಆಗ ಯಾವ ಕೋಣೆಯ ಮೇಲೆ ಏನಿದೆ, ಕೆಳಗೆ ಏನಿದೆ ಎಂದು ಕಾಣುತ್ತಿತ್ತು. ಕೋಣೆಗೆ ಆರು ಮುಖ. ಮೇಲೆ, ಕೆಳಗೆ, ಎಡ, ಬಲ, ಮುಂದೆ, ಹಿಂದೆ. ಆರರಲ್ಲೂ ಬೇರೆ ಮಲಗುವ ಕೋಣೆಯೋ ಉಗ್ರಾಣವೋ ಇದ್ದರೆ ಅದು ಸದ್ದಿಲ್ಲದ ಕೋಣೆ. ಹಿಂದುಗಡೆ ಇಂಜಿನ್ನು, ಬೇಡ. ತೀರ ಮುಂದುಗಡೆ ಲಂಗರು. ಒಂದು ಹೊಸ ಜೋಡಿಯನ್ನು ಅಲ್ಲಿ ಹಾಕಿದ್ದೆ. ಬೆಳಿಗ್ಗೆ ಲಂಗರು ಇಳಿಸುವಾಗ ಸರಪಳಿಯ ಸದ್ದಿಗೆ ಹಡಗು ಒಡೆಯಿತೆಂದು ಹುಡುಗ ಒಬ್ಬನೇ ಹೊರಗೆ ಓಡಿದನಂತೆ. ಹೆಂಡತಿ ಒಳಗೇ ಉಳಿದಳು. ಆ ಹುಡುಗಿ ಆಫೀಸಿಗೆ ಬಂದು ನನಗೆ ಥ್ಯಾಂಕ್ಸ್ ಹೇಳಿದಳು. "ನಾಲ್ಕು ದಿನದಲ್ಲೇ ಎಂಥವನು ಅಂತ ಗೊತ್ತಾಯ್ತು ಅಂಕಲ್" ಎಂದಳು. ಗಂಡ ಕೆಳಗೆ ಬೇಕರಿಯ ಮುಂದೆ ನಿಂತಿದ್ದ, ಮೇಲೆ ಬರಲಿಲ್ಲ.

ಎರಡು ಕೋಣೆಗಳ ಮಧ್ಯೆ ಬಾಗಿಲಿರುವಂಥವನ್ನೂ ಕೊಡಬೇಡಿ. ಗೋಡೆ ತಡೆಯುವ ಮಾತನ್ನು ಬಾಗಿಲು ತಡೆಯುವುದಿಲ್ಲ. ಹುಬ್ಬಳ್ಳಿ ಕಡೆಯ ಒಂದು ಕುಟುಂಬ ರಾಮಮೂರ್ತಿ ನಗರದಲ್ಲಿತ್ತು. ಮಗ ಅಲ್ಲೇ ಎಲ್ಲೋ ಕಂಪನಿಯಲ್ಲಿ ಲೆಕ್ಕಿಗ. ಬಾಗಿಲಿಲ್ಲದ, ಆರು ಮುಖವೂ ಶುದ್ಧವಾದ ಕೋಣೆ ಹುಡುಕಿಕೊಟ್ಟೆ. ವಾಪಸು ಬಂದಮೇಲೆ ಆ ಲೆಕ್ಕಿಗನನ್ನು ಹೇಗಿತ್ತು ಎಂದು ಕೇಳಿದೆ.

"ರೂಮು ಭಾಳ ಚಲೋ ಇತ್ತು ಬಿಡ್ರಿ. ಹೊರಗಿಂದ ಒಂದ್ ಸಪ್ಪಳಿಲ್ಲ."

"ಮತ್ತೆ ಯಾಕೆ ಸಾರ್ ಮುಖ ಹೀಗಿದೆ?"

"ಸಪ್ಪಳ ನಮ್ಮ ಜೋಡೀನೇ ಬಂದಿತ್ತಲ್ರೀ. ನಮ್ಮತ್ತಿ ಗೊರಕಿ ಹೊರಗ ಹೋಗಾಕ ಒಂದ್ ಸಂದಿನೂ ಇರಲಿಲ್ಲ ಅಲ್ಲಿ!"

ಇಂಥವನ್ನೆಲ್ಲ ನೀಲಿ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಹಡಗಿಗೊಂದು ಪುಟ, ಕೋಣೆಗೊಂದು ಸಾಲು. ಹೋಗಿ ಬಂದವರು ಏನು ಹೇಳಿದರೋ ಅದು ಮಾತ್ರ. ನನ್ನ ಸ್ವಂತ ಅಭಿಪ್ರಾಯ ಬರೆಯಬಾರದೆಂಬುದು ಸಾಹೇಬರ ಕಟ್ಟಪ್ಪಣೆ.

ಅವರು ಕಲಿಸಿದ ಇನ್ನೊಂದು ಪಾಠ ಬೈಯಪ್ಪನಹಳ್ಳಿಯ ರೈಲು ಗೇಟಿನ ಹತ್ತಿರದ ಒಬ್ಬ ಗಿರಾಕಿಯಿಂದ ಬಂತು. ಆತ ಹುಟ್ಟಿದಾಗಿನಿಂದ ಹಳಿಯ ಪಕ್ಕದ ಮನೆಯವನು. ಅವನಿಗೂ ಹುಡುಕಿ ಹುಡುಕಿ ಸದ್ದಿಲ್ಲದ ಕೋಣೆ ಕೊಟ್ಟಿದ್ದೆ. "ಗಾಡಿ ಹೋಗದೆ ನಂಗೆ ನಿದ್ದೆ ಬರಲ್ಲ ಗುರು, ನಾಲ್ಕು ದಿನ ಕಣ್ಣೇ ಮುಚ್ಚಲಿಲ್ಲ" ಎಂದು ಬಂದು ಕುಳಿತ. ಅವನು ಹೋದಮೇಲೆ ಸಾಹೇಬರು ನನ್ನ ತೆಳು ಕಾಗದಗಳನ್ನು ಬೆರಳಿನಿಂದ ಬಡಿದರು.

"ಕಾಗಜ್ ಕೂ ಕಿತ್ತಾ ಪೂಛ್ತೇ ಮಿಯಾ? ಆದ್ಮಿ ಕೂ ಪೂಛೋ."

ಕಾಗದವನ್ನು ಎಷ್ಟು ಕೇಳುತ್ತೀಯ, ಮನುಷ್ಯನನ್ನು ಕೇಳು. ಅಂದಿನಿಂದ ನಾನು ನಕ್ಷೆ ಬಿಡಿಸುವ ಮೊದಲು ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ ಹಾಕುತ್ತಿದ್ದೆ: "ಮನೆಯಲ್ಲಿ ಯಾವ ಸದ್ದು ಕೇಳ್ತಾ ಮಲಗ್ತೀರಿ?" ಕೆಲವರು ನಗುತ್ತಿದ್ದರು. ಆದರೆ ಉತ್ತರ ಇಲ್ಲದವರು ಯಾರೂ ಇರಲಿಲ್ಲ. ಫ್ಯಾನು, ನೀರಿನ ಮೋಟಾರು, ಪಕ್ಕದ ಮಸೀದಿಯ ಅಜಾನ್, ಗಂಡನ ಕೆಮ್ಮು. ಉತ್ತರ ಕೇಳಿಕೊಂಡು ಕೋಣೆ ಆರಿಸಿದರೆ ದೂರು ಬರುತ್ತಿರಲಿಲ್ಲ.

ಇನ್ನೊಂದು ಗುಟ್ಟು ನಾನೇ ಕಂಡುಕೊಂಡದ್ದು. ಹೋಗಿ ಬಂದವರನ್ನು "ನಿದ್ದೆ ಹೇಗಿತ್ತು?" ಎಂದು ಕೇಳಿ. ಚೆನ್ನಾಗಿ ಮಲಗಿದವರು ನಿದ್ದೆಯ ಬಗ್ಗೆಯೇ ಹೇಳುತ್ತಾರೆ. ಹಾಸಿಗೆ ಮೆತ್ತಗಿತ್ತು, ಊಟ ಚೆನ್ನಾಗಿತ್ತು, ಟವಲ್ಲಿನಲ್ಲಿ ಹಂಸ ಮಾಡಿಟ್ಟಿದ್ದರು ಎನ್ನುವವರು ನಿದ್ದೆ ಮಾಡಿಲ್ಲ. ಮರ್ಯಾದೆಗೆ ಹಾಗೆ ಹೇಳುತ್ತಾರೆ. ಅವರ ಮುಂದೆ ಸುಮ್ಮನೆ ಕುಳಿತರೆ ಎರಡು ನಿಮಿಷಕ್ಕೆ ನಿಜ ಹೊರಗೆ ಬರುತ್ತದೆ.

ಇಷ್ಟೆಲ್ಲ ಗೊತ್ತಿದ್ದವನು ನಾನು. ಇನ್ನು ನನ್ನ ಅಕ್ಕನ ವಿಷಯ ಹೇಳುತ್ತೇನೆ.

ಅಕ್ಕ ಜಯಮ್ಮ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಅಪ್ಪ ಹೋದಮೇಲೆ ಹದಿನೇಳನೇ ವಯಸ್ಸಿಗೆ ಬಟ್ಟೆ ಮಿಲ್ಲಿಗೆ ಸೇರಿದಳು. ಮಿಲ್ಲು ಬಾಗಿಲು ಹಾಕುವವರೆಗೂ ಮಗ್ಗಗಳ ಸಾಲಿನಲ್ಲೇ ನಿಂತಳು. ನಾನು ಓದಲೆಂದು ಅವಳು ದುಡಿದಳು. ನಾನು ಓದಲಿಲ್ಲ, ಅದು ಬೇರೆ ಮಾತು. ಮದುವೆಯಾಗಲಿಲ್ಲ. ನಾನು ರಾಮಮೂರ್ತಿ ನಗರದಲ್ಲಿ ಮನೆ ಕಟ್ಟಿ, ಹಿಂದುಗಡೆ ಅವಳಿಗೆಂದೇ ಒಂದು ರೂಮು ಹಾಕಿಸಿದೆ. ಒಂದು ವಾರ ಇದ್ದು ಮರ್ಫಿ ಟೌನಿಗೆ ವಾಪಸು ಹೋದಳು. ಅಲ್ಲಿ ಅವಳ ಬಾಡಿಗೆ ಮನೆ ಹಿಟ್ಟಿನ ಗಿರಣಿಯ ಮೇಲೆ. ಹೋಟೆಲುಗಳಿಗೂ ಹಿಟ್ಟು ಬೀಸುವುದರಿಂದ ಹಗಲೂ ರಾತ್ರಿ ನೆಲ ನಡುಗುತ್ತಿರುತ್ತದೆ.

"ಆ ಗಿರಣಿ ಮೇಲೆ ಹೆಂಗಿರ್ತೀಯ ಅಕ್ಕ? ನಮ್ಮ ಮನೇಲಿ ಒಂದು ಸದ್ದಿಲ್ಲ, ಬಂದು ಇರು ಅಂದ್ರೆ ಬರಲ್ಲ."

"ನಂಗೆ ಅಲ್ಲೇ ಸರಿ ಕಣೋ. ಹಿಟ್ಟು ಬೀಸಿಸೋಕೆ ಹತ್ರ."

ಒಬ್ಬಳಿಗೆ ಎಷ್ಟು ಹಿಟ್ಟು ಬೇಕು? ನನ್ನ ಹೆಂಡತಿಯ ಜೊತೆ ಹೊಂದಲಿಲ್ಲವೇನೋ ಎಂದುಕೊಂಡೆ. ಸ್ವಲ್ಪ ಬೇಸರವನ್ನೂ ಮಾಡಿಕೊಂಡೆ. ಕೇಳಲಿಲ್ಲ.

ಅಕ್ಕನಿಗೆ ಹಡಗು ನೋಡುವ ಆಸೆ ನನ್ನಿಂದ ಹತ್ತಿದ್ದು. ಭಾನುವಾರ ಅವಳ ಮನೆಗೆ ಹೋದಾಗ ನಕ್ಷೆ ಒಯ್ಯುತ್ತಿದ್ದೆ. ಅವಳು ಬೆರಳಿಟ್ಟು, "ಇದೇನು? ಇದೇನು?" ಎಂದು ಕೇಳುವಳು. ಮಿಲ್ಲು ಮುಚ್ಚಿ ಕೆಲವು ವರ್ಷವಾದ ಮೇಲೆ ಒಂದು ಅವಕಾಶ ಬಂತು. ಕೊಚ್ಚಿಯಿಂದ ಹೊರಡುವ ಒಂದು ಸಣ್ಣ ಬಿಳಿ ಹಡಗಿನವರು ಏಜೆಂಟರನ್ನು ಕರೆದು ಹಡಗು ತೋರಿಸುತ್ತಿದ್ದರು. ಮೂರು ರಾತ್ರಿಯ ಪ್ರಯಾಣ, ಜೊತೆಗೆ ಮನೆಯವರೊಬ್ಬರು ಬರಬಹುದು. ಹೆಂಡತಿ "ನಂಗೆ ನೀರು ಕಂಡ್ರೆ ಭಯ, ಅಕ್ಕನ್ನ ಕರ್ಕೊಂಡು ಹೋಗಿ" ಎಂದಳು.

ನಾನು ಒಂದು ವಾರ ಕಿಟಕಿ ಗಾಜಿನ ಮುಂದೆ ನಿಂತೆ. ಆ ಹಡಗಿನಲ್ಲಿ ಮೂವತ್ತೊಂದನೇ ಕೋಣೆಯಂಥದ್ದು ಇನ್ನೊಂದಿರಲಿಲ್ಲ. ಹಡಗಿನ ನಡುಭಾಗ. ಎರಡೂ ಪಕ್ಕ ಹೊದಿಕೆ ಇಡುವ ಉಗ್ರಾಣ. ಮೇಲೆ ಪುಸ್ತಕ ಓದುವ ಕೋಣೆ. ಕೆಳಗೆ ದಿಂಬು, ಜಮಖಾನೆ. ಕಿಟಕಿ ಇಲ್ಲ, ಅಲೆಯ ಸದ್ದೂ ಬರುವುದಿಲ್ಲ. ಹಡಗಿನವರನ್ನು ಕಾಡಿ ಬೇಡಿ ಅದನ್ನು ಅಕ್ಕನಿಗೆ ಹಾಕಿಸಿದೆ. ನನಗೆ ಸಿಕ್ಕಿದ್ದು ಹಿಂದುಗಡೆ ಇಂಜಿನ್ನಿನ ಮೇಲಿನ ನಲವತ್ತೆಂಟು, ಇನ್ನೊಬ್ಬ ಏಜೆಂಟನ ಜೊತೆ. ಅಕ್ಕನಿಗಾಗಿ ನಾನು ಸದ್ದಿನಲ್ಲಿ ಮಲಗುತ್ತಿದ್ದೇನೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ಬೈಯಪ್ಪನಹಳ್ಳಿಯವನ ನಂತರ ಬಂದ ಪ್ರತಿ ಗಿರಾಕಿಗೂ, ದಾರಿಯಲ್ಲಿ ಹೋಗುವ ಎಲ್ಲರಿಗೂ ಹಾಕುತ್ತಿದ್ದ ಆ ಪ್ರಶ್ನೆಯನ್ನು ಅಕ್ಕನಿಗೆ ಹಾಕಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ನನ್ನ ಅಕ್ಕನ ವಿಷಯ ನನಗೆ ಗೊತ್ತಿಲ್ಲವೇ ಎಂಬ ಸೊಕ್ಕು. ಹುಟ್ಟಿದಾಗಿನಿಂದ ನೋಡಿದವಳನ್ನು ಕೇಳುವುದೇನಿದೆ?

ಮೊದಲನೆಯ ಬೆಳಿಗ್ಗೆ ತಿಂಡಿಗೆ ಬಂದಾಗ ಕೇಳಿದೆ. "ನಿದ್ದೆ ಬಂತಾ ಅಕ್ಕ? ಒಂದು ಚೂರೂ ಸದ್ದಿರಲಿಲ್ಲ ಅಲ್ವಾ? ಹೆಂಗಿದೆ ನನ್ನ ಸೆಲೆಕ್ಷನ್ನು?"

"ಹಾಸಿಗೆ ಎಷ್ಟು ಮೆತ್ತಗಿದೆಯೋ ಮುನಿ! ಟವಲ್ಲಲ್ಲಿ ಆನೆ ಮಾಡಿಟ್ಟಿದ್ರು. ನಂಗೆ ಬಿಚ್ಚೋಕೇ ಮನಸ್ಸು ಬರಲಿಲ್ಲ."

ನನ್ನ ಕಿವಿಗೆ ಅದು ಬೀಳಬೇಕಿತ್ತು. ಬೇರೆ ಯಾರು ಹಾಗೆ ಹೇಳಿದ್ದರೂ ಬೀಳುತ್ತಿತ್ತು. ನಾನು ಇಡ್ಲಿ ತಿನ್ನುತ್ತಾ ಪಕ್ಕದ ಮೇಜಿನ ಏಜೆಂಟನಿಗೆ, "ನೋಡಿ, ನಮ್ಮಕ್ಕ, ಮೂವತ್ತೊಂದು" ಎಂದು ಹೇಳುವುದರಲ್ಲಿದ್ದೆ. ಮೂರು ದಿನವೂ ಅವಳು ಮಧ್ಯಾಹ್ನ ಮೇಲಿನ ಮಹಡಿಯ ಬೆತ್ತದ ಕುರ್ಚಿಯಲ್ಲಿ ತೂಕಡಿಸಿದಳು. ಕಡಲ ಗಾಳಿ ಎಂದುಕೊಂಡೆ. ವಾಪಸು ಬಂದವನೇ ಹದಿನೇಳನೇ ಪುಟದಲ್ಲಿ ಬರೆದೆ: "31. ಈ ಹಡಗಿನ ಅತಿ ಒಳ್ಳೆಯ ಕೋಣೆ. ಸದ್ದೇ ಇಲ್ಲ. ನನ್ನ ಅಕ್ಕ ಮೂರು ರಾತ್ರಿಯೂ ಚೆನ್ನಾಗಿ ಮಲಗಿದಳು." ಹೋಗಿ ಬಂದವರು ಹೇಳಿದ್ದನ್ನು ಮಾತ್ರ ಬರೆಯಬೇಕೆಂಬ ನಿಯಮ ಮುರಿದದ್ದು ಅದೊಂದೇ ಸಾಲಿನಲ್ಲಿ. ಅವಳು ಆ ಮಾತು ಹೇಳಿರಲೇ ಇಲ್ಲ.

ಆಮೇಲೆ ಕೆಲಸದ ರೀತಿ ಬದಲಾಯಿತು. ಕಂಪ್ಯೂಟರ್ ಬಂತು. ನಕ್ಷೆ ಪರದೆಯ ಮೇಲೆ ಬಣ್ಣಬಣ್ಣವಾಗಿ ಕಾಣತೊಡಗಿತು. ಕಿಟಕಿಗೆ ಕಾಗದ ಒತ್ತುವವನನ್ನು ನೋಡಿ ಹೊಸಬರು ನಕ್ಕರು. ಗಿರಾಕಿಗಳು ಮೊಬೈಲಿನಲ್ಲಿ ಕೋಣೆಯ ವಿಡಿಯೋ ನೋಡಿಕೊಂಡೇ ಬರತೊಡಗಿದರು. ಯಾವ ಕೋಣೆಯಾದರೂ ಸರಿ ಎಂದರೆ ಮಿಷನ್ನೇ ಆರಿಸಿ ಕೊಡುತ್ತದೆ. ಅದರ ಬಗ್ಗೆ ನನಗೆ ದೂರಿಲ್ಲ. ಆರು ಮುಖ ನೋಡುವುದನ್ನು ಅದು ನನಗಿಂತ ಬೇಗ ಮಾಡುತ್ತದೆ.

ನಾನು ನಿವೃತ್ತನಾದಾಗ ಆಫೀಸಿನವರು ಇಬ್ಬರಿಗೆ ಹಡಗಿನ ಪ್ರಯಾಣ ಉಡುಗೊರೆ ಕೊಟ್ಟರು. ಅದೇ ಬಿಳಿ ಹಡಗು. ಯೋಚನೆಯೇ ಮಾಡದೆ ಕವಿತಾಳಿಗೆ, "ಅಕ್ಕನಿಗೆ ಮೂವತ್ತೊಂದು" ಎಂದೆ. ಅಕ್ಕ ಮಾತ್ರ ಪ್ರತಿ ಸಲ ಒಂದೊಂದು ನೆಪ ಹೇಳಿದಳು. ಮೊಣಕಾಲು ನೋವು. ಪಕ್ಕದ ಮನೆಯವರ ನಾಮಕರಣ. ಈ ಸೆಕೆಯಲ್ಲಿ ಬೇಡ. ಈ ಚಳಿಯಲ್ಲಿ ಬೇಡ. ಎರಡು ಸಲ ದಿನ ಮುಂದೆ ಹಾಕಿಸಿದೆ. ಮೂರನೆಯ ಸಲ ಆಗುವುದಿಲ್ಲ, ಬಿಟ್ಟರೆ ಹೋಯಿತು ಎಂದು ಕವಿತಾ ಹೇಳಿದಳು.

ಅಷ್ಟರಲ್ಲಿ ಅಕ್ಕನಿಗೆ ಕಿವಿ ಮಂದವಾಗಿರುವುದು ಎದ್ದು ಕಾಣತೊಡಗಿತ್ತು. ಬಲವಂತವಾಗಿ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದೆ. ಪರೀಕ್ಷೆ ಮಾಡುವ ಹುಡುಗಿ ಅವಳನ್ನು ಗಾಜಿನ ಕಿಂಡಿಯಿದ್ದ ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ಕೈಗೊಂದು ಬಟನ್ ಕೊಟ್ಟು, ದಪ್ಪ ಬಾಗಿಲು ಹಾಕಿದಳು. ಹೊರಗಿನ ಸದ್ದು ಒಳಗೆ ಹೋಗದ ಕೋಣೆ ಅದು. ಒಂದು ನಿಮಿಷವೂ ಆಗಿರಲಿಲ್ಲ, ಅಕ್ಕ ಬಾಗಿಲು ತಳ್ಳಿಕೊಂಡು ಹೊರಗೆ ಬಂದಳು. ಹಣೆಯಲ್ಲಿ ಬೆವರು.

"ಯಾಕಮ್ಮ, ಭಯ ಆಯ್ತಾ?" ಎಂದಳು ಆ ಹುಡುಗಿ.

"ಭಯ ಅಲ್ಲಮ್ಮ. ಇಂಥ ಕಡೆ ಕೂತ್ರೆ ಕಿವಿ ಒಳಗಿನ ಶಿಳ್ಳೆ ಜಾಸ್ತಿ ಆಗುತ್ತೆ. ತಲೆ ಸಿಡಿದು ಹೋಗುತ್ತೆ."

"ಶಿಳ್ಳೆ ಬರ್ತಾ ಇದ್ಯಾ? ಎಷ್ಟು ದಿನದಿಂದ?"

"ದಿನ ಏನು ಬಂತು, ಮಿಲ್ಲಲ್ಲಿದ್ದಾಗಿಂದ. ಪಕ್ಕದಲ್ಲಿ ಏನಾದ್ರೂ ಸದ್ದಾಗ್ತಿದ್ರೆ ಗೊತ್ತಾಗಲ್ಲ. ಅದಕ್ಕೇ ಗಿರಣಿ ಮೇಲೆ ಮನೆ ಮಾಡಿರೋದು. ಒಂದ್ಸಲ ಹಡಗಲ್ಲಿ ಹೋಗಿದ್ದೆ, ಈ ಪೆಟ್ಟಿಗೆ ಥರದ್ದೇ ರೂಮು. ಮೂರು ರಾತ್ರಿ ಕಣ್ಣು ಮುಚ್ಚಿಲ್ಲ ನೋಡು."

ನಾನು ಅವಳ ಹಿಂದೆಯೇ ಸ್ಟೂಲಿನ ಮೇಲೆ ಕುಳಿತಿದ್ದೆ. ನನಗೆ ಕೇಳಿಸಲೆಂದು ಹೇಳಿದ್ದಲ್ಲ. ಆ ಹುಡುಗಿ ಸರಿಯಾಗಿ ಕೇಳಿದಳು, ಅಕ್ಕ ಹೇಳಿದಳು.

ವಾಪಸು ಬರುವಾಗ ಆಟೋದಲ್ಲಿ ಹಲಸೂರು ಕೆರೆ ದಾಟಿದೆವು. ಆಮೇಲೆ, "ಅವತ್ತೇ ಯಾಕೆ ಹೇಳಲಿಲ್ಲ ಅಕ್ಕ?" ಎಂದೆ.

"ನಿನ್ನ ಮುಖ ನೋಡಿದ್ಯಾ ಅವತ್ತು? ಹಡಗು ನಿಂದೇ ಅನ್ನೋ ಥರ ಓಡಾಡ್ತಿದ್ದೆ. ಹೇಳಿದ್ರೆ ಇಷ್ಟಾಗೋದು ನಿನ್ನ ಮುಖ." ಎರಡು ಬೆರಳು ಹತ್ತಿರ ತಂದು ತೋರಿಸಿದಳು.

"ರಾತ್ರಿ ಏನು ಮಾಡ್ತಿದ್ದೆ ಮತ್ತೆ?"

"ಮೊದಲು ಬಾತ್‌ರೂಮಿನ ನಲ್ಲಿ ಸ್ವಲ್ಪ ಬಿಟ್ಕೊಂಡು ಮಲಗಿದೆ. ನೀರು ದಂಡ ಆಗುತ್ತಲ್ಲ ಅಂತ ನಿಲ್ಲಿಸಿದೆ. ಆಮೇಲೆ ಅಡುಗೆಮನೆ ಹತ್ರ ಮೆಟ್ಟಿಲ ಮೇಲೆ ಹೋಗಿ ಕೂರ್ತಿದ್ದೆ. ಪಾತ್ರೆ ತೊಳೀತಾ ಇರೋರು. ಒಳ್ಳೆ ಜನ ಕಣೋ, ಟೀ ಕೊಡೋರು."

ಗಿರಣಿಯ ಮೇಲೆ ಮನೆ ಏಕೆಂದು ಒಂದು ಸಲ ಕೇಳಿದ್ದರೆ ಸಾಕಿತ್ತು. ನಾನು ಕಟ್ಟಿಸಿದ ಹಿಂದಿನ ರೂಮಿನಲ್ಲಿ ಆ ಒಂದು ವಾರ ಹೇಗೆ ಕಳೆದಳೆಂದು ಕೇಳಿದ್ದರೂ ಸಾಕಿತ್ತು. ನೂರಾರು ಜನರ ನಿದ್ದೆಯನ್ನು ವಿಚಾರಿಸಿದೆ. ನನಗಾಗಿ ಕಿವಿ ಕಳೆದುಕೊಂಡವಳನ್ನು ಬಿಟ್ಟೆ. ಇದಕ್ಕೆ ಸಮಾಧಾನ ಹೇಳಿಕೊಳ್ಳಲು ನನಗೆ ಏನೂ ಇಲ್ಲ.

ಮಾರನೆಯ ಭಾನುವಾರ ನಕ್ಷೆ, ತೆಳು ಕಾಗದ, ಪೆನ್ಸಿಲು ತೆಗೆದುಕೊಂಡು ಮರ್ಫಿ ಟೌನಿಗೆ ಹೋದೆ. ಕೆಳಗೆ ಗಿರಣಿ ನಡೆಯುತ್ತಿತ್ತು. ಗಿರಾಕಿಯ ಎದುರು ಕೂರುವಂತೆ ಅಕ್ಕನ ಎದುರು ಕುಳಿತೆ.

"ಮನೇಲಿ ಯಾವ ಸದ್ದು ಕೇಳ್ತಾ ಮಲಗ್ತೀರಿ?"

"ಏನೋ ಇದು, ನಂಗೆ 'ಮಲಗ್ತೀರಿ' ಅಂತೀಯ?"

"ಹೇಳಿ ಮೇಡಂ."

ಅವಳು ನಕ್ಕಳು. ಆಮೇಲೆ ನಾನು ಸುಮ್ಮನೆ ಕುಳಿತೇ ಇರುವುದನ್ನು ನೋಡಿ ನಗು ನಿಲ್ಲಿಸಿದಳು. "ಮೋಟಾರು" ಎಂದಳು. "ಒಂದೇ ಸಮ ಹೋಗ್ತಾ ಇರಬೇಕು. ನಿಂತು ನಿಂತು ಹೋಗಬಾರದು."

ಆ ಸಲ ನಾನು ಮಲಗಿದ್ದ ನಲವತ್ತೆಂಟರ ಮೇಲೆ ಬೆರಳಿಟ್ಟೆ.

"ಇದರ ಕೆಳಗೇನಿದೆ?"

"ಇಂಜಿನ್ನು."

"ಮೇಲೆ?"

"ಬಟ್ಟೆ ಒಗೆಯೋ ಮಿಷನ್ನು. ಯಾರೂ ಕೇಳಲ್ಲ ಅಕ್ಕ ಈ ಕೋಣೇನ. ನಾನೇ ಪುಸ್ತಕದಲ್ಲಿ ಬೇಡ ಅಂತ ಬರೆದಿದ್ದೀನಿ."

"ಹಾಗಾದ್ರೆ ಅದನ್ನೇ ಹಾಕ್ಸು."

ಮೊಣಕಾಲು ನೋವಿನ ಮಾತು ಬರಲಿಲ್ಲ. ಹೊರಡುವ ಹಿಂದಿನ ದಿನ ಆಫೀಸಿಗೆ ಹೋಗಿ ಹದಿನೇಳನೇ ಪುಟ ತೆಗೆದೆ. ಹಳೆಯ ಸಾಲನ್ನು ಅಳಿಸಲಿಲ್ಲ, ಅದು ಅಲ್ಲೇ ಇರಲಿ. ಕೆಳಗೆ ಬರೆದೆ: "ಮೇಲಿನದು ಸುಳ್ಳು. ಆ ಮೂರು ರಾತ್ರಿ ಅಕ್ಕ ಮಲಗಲಿಲ್ಲ. ನಾನು ಕೇಳಲಿಲ್ಲ. ಮುನಿರಾಜು." ನಲವತ್ತೆಂಟರ ಮುಂದಿನ ನನ್ನ 'ಬೇಡ'ದ ಕೆಳಗೆ, ಅಕ್ಕ ಹೇಳುವುದನ್ನು ಬರೆಯಲು ಸ್ವಲ್ಪ ಜಾಗ ಬಿಟ್ಟು ಬಂದೆ.

ಹಡಗಿನಲ್ಲಿ ಮೊದಲನೆಯ ಬೆಳಿಗ್ಗೆ ಅಕ್ಕ ತಿಂಡಿಗೆ ಬರುವುದು ತಡವಾಯಿತು. ನಾನು ಎರಡು ಲೋಟ ಕಾಫಿ ಕುಡಿದು ಮುಗಿಸಿದ್ದೆ. ಕೆದರಿದ ಕೂದಲಿನಲ್ಲೇ ಬಂದು ಕುಳಿತಳು.

"ನಿದ್ದೆ ಹೇಗಿತ್ತು ಅಕ್ಕ?" ಅಷ್ಟು ಕೇಳಿ ಬಾಯಿ ಮುಚ್ಚಿಕೊಂಡೆ.

"ಹಾಸಿಗೆ ಕಲ್ಲು. ಟವಲ್ಲಲ್ಲಿ ಏನೂ ಮಾಡಿಟ್ಟಿರಲಿಲ್ಲ" ಎಂದಳು ಅಕ್ಕ. "ಎಷ್ಟೊತ್ತಾಯ್ತೋ ಈಗ? ಎಚ್ಚರಾನೇ ಆಗಲಿಲ್ಲ ನೋಡು. ಇಡ್ಲಿ ಖಾಲಿ ಆಗಿಬಿಡ್ತಾ?"